ಲ್ಯಾಮಿನೇಷನ್ ಅಂಗಡಿಯವರ ಮಗಳು

ಈ ಸಲದ ಏಪ್ರಿಲ್ ತಿಂಗಳಲ್ಲಿ ನಮ್ಮ ಶಾಲೆಯ ಇಂಗ್ಲಿಷ್ ಮೇಡಂ ನಿವೃತ್ತರಾದರು. ಬೀಳ್ಕೊಡುಗೆಯ ದಿನ ಕಾರ್ಯದರ್ಶಿಗಳು ಶಾಲು ಹೊದಿಸಿ, ಹಣ್ಣಿನ ಬುಟ್ಟಿ ಕೈಗಿಟ್ಟು, ಮೈಕು ಹಿಡಿದರು. “ಇಂಥ ನಿಷ್ಠೆ ಈಗೆಲ್ಲಿ ಸಿಗ್ತದೆ ಹೇಳಿ? ಓದು ಮುಗಿಸಿ ಬಂದು ಇಲ್ಲಿ ಸೇರಿದೋರು, ಇಲ್ಲೇ ರಿಟೈರ್ ಆಗ್ತಾ ಇದ್ದಾರೆ. ಒಂದು ದಿನ ಆ ಕಡೆ ಈ ಕಡೆ ನೋಡಿದೋರಲ್ಲ ನಮ್ಮ ಮೇಡಂ,” ಎಂದರು. ಮಕ್ಕಳು ಚಪ್ಪಾಳೆ ತಟ್ಟಿದರು. ಮೇಡಂ ವೇದಿಕೆಯ ಮೇಲೆ ಬುಟ್ಟಿಯನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದರು. ಹಿಂದಿನ ಸಾಲಿನಲ್ಲಿದ್ದ ನನಗೆ ಮೊದಲು ನಗು ಬಂತು, ಅದರ ಬೆನ್ನಿಗೇ ಸಿಟ್ಟೂ ಬಂತು. ಆ ಕಡೆ ಈ ಕಡೆ ನೋಡಲಿಲ್ಲವಂತೆ! ಈ ಶಾಲೆ ಬಿಟ್ಟು, ಈ ಜಿಲ್ಲೆ ಬಿಟ್ಟು, ಸಮುದ್ರ ದಾಟಿ ಹೋಗಿ ಇಂಗ್ಲಿಷ್ ಪಾಠ ಹೇಳಬೇಕೆಂದು ಆಕೆ ಪಟ್ಟ ಪಾಡನ್ನು ಪಕ್ಕದ ಮೇಜಿನಲ್ಲಿ ಕೂತು ನೋಡಿದವನು ನಾನು. ಕಾರ್ಯದರ್ಶಿಗಳಿಗೂ ಅದು ಚೆನ್ನಾಗಿಯೇ ಗೊತ್ತಿತ್ತು.

ನಾನು ವಕ್ಕಲೇರಿ ಕಡೆಯವನು. ಬೆಳಿಗ್ಗೆ ಡೇರಿಗೆ ಹಾಲು ಹಾಕಿ, ಕೈಕಾಲು ತೊಳೆದು, ಕೋಲಾರಕ್ಕೆ ಬಂದು ಕನ್ನಡ ಪಾಠ ಮಾಡುವವನು. ನಾನು ಸೇರುವ ಹೊತ್ತಿಗಾಗಲೇ ಮೇಡಂ ಇಲ್ಲಿ ಹಳಬರು. ಅವರ ಊರು ಮುಳಬಾಗಿಲು. ದಿನಾ ಬಸ್ಸಿನಲ್ಲಿ ಬರುತ್ತಿದ್ದರು. ತಲೆಯ ಮೇಲೆ ದುಪಟ್ಟ, ಕಾಲಲ್ಲಿ ಗಂಡುಹುಡುಗರು ಹಾಕುವಂಥ ಕ್ಯಾನ್ವಾಸ್ ಶೂ. ಬಸ್ ಸ್ಟ್ಯಾಂಡಿನಿಂದ ಶಾಲೆಯವರೆಗೆ ಅವರು ನಡೆಯುವ ಬಿರುಸಿಗೆ ಆಟೋದವರು ಕರೆಯುವುದನ್ನೇ ಬಿಟ್ಟಿದ್ದರು. ಬಸ್ಸು ತಪ್ಪುವ ಭಯವಿಲ್ಲದ ದಿನವೂ ಅದೇ ನಡಿಗೆ.

ತರಗತಿಯೊಳಗೆ ಕಾಲಿಟ್ಟರೆ ಇಂಗ್ಲಿಷ್ ಬಿಟ್ಟು ಬೇರೆ ಮಾತಿಲ್ಲ. ಬೈಯುವುದು ಮಾತ್ರ ಕನ್ನಡದಲ್ಲಿ. ಯಾಕೆಂದು ಕೇಳಿದ್ದಕ್ಕೆ, “ಇಂಗ್ಲಿಷಲ್ಲಿ ಬೈದ್ರೆ ಅದೂ ಪಾಠ ಅನ್ಕೊಂಡು ಬರ್ಕೋತಾರೆ ಸರ್,” ಎಂದಿದ್ದರು. ಅದು ತಮಾಷೆಯಲ್ಲ, ಒಬ್ಬಳು ಹುಡುಗಿ ನಿಜವಾಗಿಯೂ ಬರೆದುಕೊಂಡಿದ್ದಳಂತೆ.

ಆದರೆ ಒಂದು ಕೊರಗು ಅವರನ್ನು ಒಳಗೇ ತಿನ್ನುತ್ತಿತ್ತು. ಅದನ್ನು ನನಗೆ ಹೇಳಿದ್ದು ಒಂದು ಪರೀಕ್ಷೆಯ ಮಧ್ಯಾಹ್ನ, ಇಬ್ಬರೂ ಒಂದೇ ಕೊಠಡಿಯಲ್ಲಿ ಮೇಲ್ವಿಚಾರಣೆಗೆ ನಿಂತಿದ್ದಾಗ. “ಸರ್, ನಾನು ಇಂಗ್ಲಿಷಲ್ಲಿ ಕೇಳ್ತೀನಿ, ಮಕ್ಕಳು ಕನ್ನಡದಲ್ಲಿ ಹೇಳ್ತಾರೆ. ಶ್ರೀನಿವಾಸಪುರದ ಕಡೆ ಹುಡುಗ್ರು ‘ಅರ್ಥಂ ಕಾಲೇದು ಮೇಡಂ’ ಅಂತಾರೆ, ಕ್ಲಾಸ್ ಬಿಟ್ಮೇಲೆ ನಾನು ತೆಲುಗಲ್ಲೇ ಬಿಡಿಸಿ ಹೇಳ್ತೀನಿ. ಮನೆಗೆ ಹೋದ್ರೆ ನಮ್ಮ ಉರ್ದು. ಇಷ್ಟು ವರ್ಷದಲ್ಲಿ ಒಬ್ಬರ ಹತ್ರನಾದ್ರೂ ಇಂಗ್ಲಿಷ್ ಬಿಟ್ರೆ ಬೇರೆ ದಾರಿ ಇಲ್ಲ ಅಂತ ಮಾತಾಡಿಲ್ಲ ನಾನು. ಈಜು ಕಲಿಸೋರು ನೀರಿಗೇ ಇಳೀದಿದ್ರೆ ಹೆಂಗೆ? ಒಂದು ಸಲ, ಒಂದೇ ಸಲ, ನನ್ನ ಇಂಗ್ಲಿಷ್ ಬೇಕೇ ಬೇಕು ಅನ್ನೋ ಮಕ್ಕಳ ಮುಂದೆ ನಿಂತ್ಕೋಬೇಕು.” ಇದನ್ನು ಹೇಳುವಾಗ ಅವರ ದನಿ ಸಣ್ಣಗಾಗಿತ್ತು. ಹೊರದೇಶಕ್ಕೆ ಹೋಗುವವರು ಸಾಮಾನ್ಯವಾಗಿ ಸಂಬಳದ ಮಾತಾಡುತ್ತಾರೆ. ಈ ಕಾರಣ ನಾನು ಬೇರೆ ಯಾರ ಬಾಯಲ್ಲೂ ಕೇಳಿಲ್ಲ.

ಅಲ್ಲಿಂದ ಶುರುವಾಯಿತು ನಮ್ಮ ಸ್ಟಾಫ್ ರೂಮಿನ ದೇಶ ಸಂಚಾರ. ಕೋಲಾರದ ಬ್ರೌಸಿಂಗ್ ಸೆಂಟರಿಗೆ ಹೋಗಿ ಒಂದೊಂದು ದೇಶ ಏನೇನು ಕೇಳುತ್ತದೆಂದು ನೋಡಿಕೊಂಡು ಬರುವುದು, ಮರುದಿನ ಊಟದ ಡಬ್ಬಿ ಬಿಚ್ಚುತ್ತಾ ವರದಿ ಒಪ್ಪಿಸುವುದು. “ಮೇಡಂ, ಇವತ್ತು ಯಾವ ದೇಶ?” ಎಂದು ಗಣಿತದ ಮೇಷ್ಟ್ರು ಕಾಲೆಳೆಯುತ್ತಿದ್ದರು. ಮೇಡಂ ಬೇಜಾರು ಮಾಡಿಕೊಳ್ಳದೆ, “ಕೊರಿಯಾ ಬೇಡ ಅಂತು ಸರ್. ಅಲ್ಲಿ ಇಂಗ್ಲಿಷ್ ಕಲಿಸೋಕೆ ಇಂಗ್ಲಿಷ್ ಬಂದ್ರೆ ಸಾಲ್ದಂತೆ. ಹುಟ್ಟುತ್ಲೇ ಇಂಗ್ಲಿಷಲ್ಲಿ ಅತ್ತಿರ್ಬೇಕಂತೆ,” ಎನ್ನುತ್ತಿದ್ದರು. ಅಲ್ಲಿ ಕೆಲವೇ ಕೆಲವು ದೇಶಗಳ ಪಾಸ್‌ಪೋರ್ಟ್ ಇದ್ದವರಿಗೆ ಮಾತ್ರ ಸಲೀಸಾಗಿ ವೀಸಾ. ಇನ್ನೊಂದು ದೇಶಕ್ಕೆ ಅಂಚೆ ಮೂಲಕ ಓದಿದ ಪದವಿ ನಡೆಯದು, ಮೇಡಂ ಎಂ.ಎ. ಮಾಡಿದ್ದು ಅಂಚೆಯಲ್ಲಿ. ಮತ್ತೊಂದು ದೇಶಕ್ಕೆ ಅಲ್ಲಿನದೇ ಶಿಕ್ಷಕರ ಲೈಸೆನ್ಸ್ ಬೇಕು, ಆ ಲೈಸೆನ್ಸ್ ಪರೀಕ್ಷೆ ಬರೆಯಬೇಕೆಂದರೆ ಮೊದಲು ಅಲ್ಲಿ ಕೆಲಸದಲ್ಲಿರಬೇಕು.

ಎಲ್ಲಕ್ಕಿಂತ ಅವರಿಗೆ ತಮಾಷೆಯಾಗಿ ಕಂಡದ್ದು ಇಂಗ್ಲಿಷ್ ಬರುತ್ತದೆಂದು ರುಜುವಾತು ಮಾಡುವ ಪರೀಕ್ಷೆ. ಬೆಂಗಳೂರಿಗೆ ಹೋಗಿ ಬರೆದು ಬಂದರು, ಒಳ್ಳೆಯ ಅಂಕವೂ ಬಂತು. “ಎರಡು ವರ್ಷ ಅಷ್ಟೇ ಸರ್ ಇದಕ್ಕೆ ಬೆಲೆ. ಆಮೇಲೆ ನನ್ನ ಇಂಗ್ಲಿಷ್ ಹಳಸಿ ಹೋಗ್ತದಂತೆ,” ಎಂದು ನಕ್ಕರು. ಪೊಲೀಸರು ಕೊಡುವ ನಡತೆ ಪ್ರಮಾಣಪತ್ರಕ್ಕೆ ಆರು ತಿಂಗಳ ಆಯಸ್ಸು. ಡಾಕ್ಟರ ಸರ್ಟಿಫಿಕೇಟಿಗೆ ಅದಕ್ಕಿಂತ ಕಡಿಮೆ. ಒಂದು ಕೈಗೆ ಬರುವಷ್ಟರಲ್ಲಿ ಇನ್ನೊಂದರ ಅವಧಿ ಮುಗಿದಿರುತ್ತಿತ್ತು. ನಮ್ಮ ಟೊಮೆಟೊ ಮಂಡಿಯಲ್ಲಿ ಲಾರಿ ಬರುವ ಹೊತ್ತಿಗೆ ಮೇಲಿನ ಕ್ರೇಟು ಕಾಯಿ, ತಳದ ಕ್ರೇಟು ಕೊಳೆತ ಹಣ್ಣು ಎನ್ನುವ ಹಾಗೆ. ಎಲ್ಲವೂ ಒಟ್ಟಿಗೆ ಹದಕ್ಕೆ ಬಂದ ದಿನ ಎಂಬುದೇ ಇರಲಿಲ್ಲ. ಆ ನಡುವೆ ವಯಸ್ಸು ನಲವತ್ತು ದಾಟಿತು. ಬಹಳ ಕಡೆ ಹೊಸಬರಿಗೆ ನಲವತ್ತೈದರ ಮಿತಿ. ಸ್ಟಾಫ್ ರೂಮಿನಲ್ಲಿ ತಮಾಷೆ ಮಾಡುವವರು ಕೂಡ ನಿಧಾನಕ್ಕೆ ಸುಮ್ಮನಾದರು.

ಇದೆಲ್ಲ ಸುಮಾರು ಹದಿನೈದು ವರ್ಷದ ಹಿಂದಿನ ಮಾತು. ಆಗ ಕೊನೆಗೂ ಒಂದು ಕಡೆಯಿಂದ ಕರೆ ಬಂತು. ಒಮಾನ್ ದೇಶದಲ್ಲಿ, ಬೆಟ್ಟದ ತಪ್ಪಲಿನ ಒಂದು ಚಿಕ್ಕ ಊರಿನ ಹೆಣ್ಣುಮಕ್ಕಳ ಶಾಲೆ. ಬ್ರೌಸಿಂಗ್ ಸೆಂಟರಿನ ಕಂಪ್ಯೂಟರ್ ಮುಂದೆ ಕೂತು, ಅಲ್ಲಿನ ಮುಖ್ಯೋಪಾಧ್ಯಾಯಿನಿಗೆ ಮಾದರಿ ಪಾಠ ಮಾಡಿ ತೋರಿಸಿದರು. ಪಕ್ಕದಲ್ಲಿ ಯಾರೋ ಪಹಣಿ ಪ್ರಿಂಟ್ ತೆಗೆಸುತ್ತಿದ್ದರಂತೆ. ಪದವಿ ಬೇಕು, ಬಿ.ಎಡ್. ಬೇಕು, ಅನುಭವ ಬೇಕು ಎಂದಷ್ಟೇ ಆ ಶಾಲೆ ಕೇಳಿತ್ತು. ಮೇಡಂ ಬಿ.ಎ., ಬಿ.ಎಡ್. ಎರಡನ್ನೂ ಕಾಲೇಜಿಗೆ ಹೋಗಿಯೇ ಓದಿದ್ದರು. ಅಂಚೆಯ ಎಂ.ಎ. ತಂಟೆಗೇ ಆ ಶಾಲೆಯವರು ಬರಲಿಲ್ಲ. ಮರುದಿನ ಮೇಡಂ ಸ್ಟಾಫ್ ರೂಮಿಗೆ ಕೋವಾ ತಂದಿದ್ದರು. “ಅಲ್ಲಿನ ಮಕ್ಕಳಿಗೆ ಕನ್ನಡವೂ ಬರಲ್ಲ, ತೆಲುಗೂ ಬರಲ್ಲ, ಉರ್ದುನೂ ಬರಲ್ಲ ಸರ್. ನನಗೆ ಅರಬ್ಬಿ ಮಾತಾಡೋಕೆ ಬರಲ್ಲ. ಇಬ್ಬರಿಗೂ ಇಂಗ್ಲಿಷೇ ಗತಿ,” ಎಂದರು. ಅಷ್ಟು ಸಂತೋಷವನ್ನು ಆ ಮುಖದ ಮೇಲೆ ನಾನು ಅದಕ್ಕೆ ಮೊದಲು ನೋಡಿರಲಿಲ್ಲ, ಆಮೇಲೂ ನೋಡಲಿಲ್ಲ.

ಒಂದೇ ಒಂದು ಕೆಲಸ ಬಾಕಿ ಇತ್ತು. ಪದವಿ ಪ್ರಮಾಣಪತ್ರದ ಮೂಲಪ್ರತಿಯ ಬೆನ್ನ ಮೇಲೆ ಮೂರು ಮುದ್ರೆ ಬೀಳಬೇಕು. ಮೊದಲು ರಾಜ್ಯ ಸರ್ಕಾರದ್ದು, ಆಮೇಲೆ ವಿದೇಶಾಂಗ ಇಲಾಖೆಯದ್ದು, ಕೊನೆಗೆ ಆ ದೇಶದ ರಾಯಭಾರ ಕಚೇರಿಯದ್ದು. ಮೂರೂ ಬಿದ್ದರೆ ವೀಸಾ.

ಮೂಲಪ್ರತಿ ಇದ್ದದ್ದು ಕಾರ್ಯದರ್ಶಿಗಳ ಬೀರುವಿನಲ್ಲಿ. ನಮ್ಮ ಕಡೆಯ ಎಷ್ಟೋ ಖಾಸಗಿ ಶಾಲೆಗಳ ಪದ್ಧತಿ ಅದು. ಕೆಲಸಕ್ಕೆ ಸೇರುವಾಗ ಮೂಲ ಅಂಕಪಟ್ಟಿ, ಪದವಿ ಪತ್ರ ಎಲ್ಲ ಒಪ್ಪಿಸಿಬಿಡಬೇಕು, ವರ್ಷದ ನಡುವೆ ಬಿಟ್ಟು ಓಡಬಾರದೆಂದು. ಬೇಕಾದಾಗ ಏನಾದರೂ ಒಂದು ನೆಪ ಹೇಳಿ ಈಸಿಕೊಳ್ಳುತ್ತಾರೆ. ಬ್ಯಾಂಕಿಗೆ ಬೇಕು ಅಂದರೆ ಸಾಕು ಎಂದು ನಾವೆಲ್ಲ ಹೇಳಿಕೊಟ್ಟೆವು. ಮೇಡಂ ನೇರವಾಗಿ ಹೋಗಿ, “ಸಾರ್, ಹೊರದೇಶಕ್ಕೆ ಹೋಗೋಕೆ ಬೇಕು,” ಎಂದುಬಿಟ್ಟರು. ಸುಳ್ಳು ಹೇಳುವುದು ಅವರಿಗೆ ಬರುತ್ತಲೇ ಇರಲಿಲ್ಲ. ನಾಲಗೆ ತೊದಲಿ, ಕಿವಿ ಕೆಂಪಾಗಿ, ಅಲ್ಲೇ ಸಿಕ್ಕಿಬೀಳುತ್ತಿದ್ದರು. ಕಾರ್ಯದರ್ಶಿಗಳು ಕುರ್ಚಿಯಲ್ಲಿ ಹಿಂದಕ್ಕೆ ಒರಗಿ, “ತೊಗೊಳಮ್ಮ, ಅದಕ್ಕೇನಂತೆ. ಎಲ್ಲಿಗೆ ಹೋಗ್ತೀಯೋ ನೋಡೇಬಿಡೋಣ,” ಎಂದು ನಗುತ್ತಾ ಕೊಟ್ಟರು. ಆ ನಗು ನನಗೆ ಇವತ್ತಿಗೂ ಉರಿಯುತ್ತದೆ.

ಪತ್ರ ಹಿಡಿದು ಬೆಂಗಳೂರಿಗೆ ಹೋದವರು ಸಂಜೆಯೊಳಗೆ ವಾಪಸು ಬಂದರು. ಮರುದಿನ ಊಟದ ಹೊತ್ತಿನಲ್ಲಿ ಪತ್ರವನ್ನು ನನ್ನ ಮೇಜಿನ ಮೇಲಿಟ್ಟು, “ನೋಡಿ ಸರ್, ಏನು ತಪ್ಪಿದೆ ಹೇಳಿ,” ಎಂದರು. ನನಗೇನೂ ತಪ್ಪು ಕಾಣಲಿಲ್ಲ. ಹೆಸರು ಸರಿಯಿತ್ತು, ಇಸವಿ ಸರಿಯಿತ್ತು, ವಿಶ್ವವಿದ್ಯಾಲಯದ ಮುದ್ರೆ ಸ್ಪಷ್ಟವಾಗಿತ್ತು. ದಪ್ಪನೆಯ ಪ್ಲಾಸ್ಟಿಕ್ಕಿನೊಳಗೆ ಎಲ್ಲ ಹೊಸದರಂತೆ ಹೊಳೆಯುತ್ತಿತ್ತು.

“ಲ್ಯಾಮಿನೇಷನ್,” ಎಂದರು ಮೇಡಂ. ಪ್ಲಾಸ್ಟಿಕ್ ಮೇಲೆ ಮುದ್ರೆ ಒತ್ತುವ ಹಾಗಿಲ್ಲ. ಕಾಗದದ ಮೇಲೇ ಬೀಳಬೇಕು. ಲ್ಯಾಮಿನೇಷನ್ ಮಾಡಿದ್ದನ್ನು ಕೌಂಟರಿನವರು ಮುಟ್ಟಿಯೂ ನೋಡಲಿಲ್ಲವಂತೆ.

ಇದನ್ನು ಕೇಳಿದವರು ಯಾರಾದರೂ, ಲ್ಯಾಮಿನೇಷನ್ ಮಾಡಿಸಿದ್ದು ಯಾರು, ಬುದ್ಧಿ ಇಲ್ಲವಾ ಎನ್ನಬಹುದು. ನಮ್ಮ ಕಡೆ ಮಾಡಿಸದವರು ಯಾರಿದ್ದಾರೆ? ಮನೆಯಲ್ಲಿ ಮೊದಲ ಸಲ ಒಬ್ಬರು ಪಾಸಾದರೆ ಅಂಕಪಟ್ಟಿಯನ್ನು ಸೀದಾ ಲ್ಯಾಮಿನೇಷನ್‌ಗೆ ಕೊಡುವುದೇ. ಗೆದ್ದಲು ಹಿಡಿಯಬಾರದು, ನೀರು ಬೀಳಬಾರದು, ಮಗು ಹರಿಯಬಾರದು. ಮೇಡಂ ವಿಷಯದಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ. ಅವರ ಅಪ್ಪನದೇ ಲ್ಯಾಮಿನೇಷನ್ ಅಂಗಡಿ.

ಮುಳಬಾಗಿಲು ಬಸ್ ಸ್ಟ್ಯಾಂಡಿನ ಹಿಂದಿನ ಗಲ್ಲಿಯಲ್ಲಿತ್ತು ಆ ಅಂಗಡಿ. ಫೋಟೊಗೆ ಕಟ್ಟು ಹಾಕುವುದು, ಲ್ಯಾಮಿನೇಷನ್ ಮಾಡುವುದು. ತಿರುಪತಿ ತಿಮ್ಮಪ್ಪ, ಮೆಕ್ಕಾ, ಸಿನಿಮಾದವರು, ತೀರಿಕೊಂಡ ಅಜ್ಜಂದಿರು ಎಲ್ಲರೂ ಒಂದೇ ಗೋಡೆಗೆ ಒರಗಿರುತ್ತಿದ್ದರು. ಹೆಂಡತಿ ಹೋದ ಮೇಲೆ ಆ ಹಿರಿಯರು ಇದ್ದೊಬ್ಬ ಮಗಳನ್ನು ಓದಿಸಿದರು. ಮನೆಯಲ್ಲಿ ಅಪ್ಪ ಮಗಳು ಇಬ್ಬರೇ. ಅವರ ಕಡೆಯವರಲ್ಲಿ ಡಿಗ್ರಿ ಅಂತ ಪಡೆದ ಮೊದಲ ಹೆಣ್ಣುಮಗಳು ಈಕೆ. ಪದವಿ ಪತ್ರ ಬಂದ ದಿನ ಅಪ್ಪ ಅಂಗಡಿಯಲ್ಲಿದ್ದ ಅತಿ ದಪ್ಪನೆಯ ಹಾಳೆ ಆರಿಸಿ, ಎರಡೆರಡು ಸಲ ಮೆಷಿನ್ನಿಗೆ ಕೊಟ್ಟು, ತಮ್ಮ ಕೈಯಾರೆ ಮಾಡಿದ್ದ ಲ್ಯಾಮಿನೇಷನ್ ಅದು. ಬಂದವರಿಗೆಲ್ಲ ತೋರಿಸಿ, “ನನ್ನ ಮಗಳದು. ನೂರು ವರ್ಷ ಏನೂ ಆಗಲ್ಲ,” ಎನ್ನುತ್ತಿದ್ದರಂತೆ.

ಹಾಗಾಗಿ ಮೇಡಂ ತಾವು ಅಬ್ಬಾ ಎಂದು ಕರೆಯುವ ಅಪ್ಪನಿಗೆ ವಿಷಯ ಹೇಳಲಿಲ್ಲ. ವಿಶ್ವವಿದ್ಯಾಲಯಕ್ಕೆ ಹೋಗಿ ಎರಡನೇ ಪ್ರತಿ ಕೇಳಿದರು. ಅಲ್ಲಿನ ಗುಮಾಸ್ತರು ಪತ್ರವನ್ನು ಆ ಕಡೆ ಈ ಕಡೆ ತಿರುಗಿಸಿ ನೋಡಿ, “ಕಳೆದುಹೋಗಿದ್ರೆ ಕೊಡ್ತೀವಿ, ಹಾಳಾಗಿದ್ರೂ ಕೊಡ್ತೀವಿ. ಇದು ಕಳೆದೂ ಇಲ್ಲ, ಹಾಳೂ ಆಗಿಲ್ಲ. ಇಷ್ಟು ಚೆನ್ನಾಗಿಟ್ಕೊಂಡು ಇನ್ನೊಂದು ಯಾಕಮ್ಮ?” ಎಂದರಂತೆ. ಅಲ್ಲೇ ಹೊರಗೆ ಕೂತಿದ್ದ ಏಜೆಂಟ್ ಒಬ್ಬ ದಾರಿ ತೋರಿಸಿದ. ಮಾಲೂರು ಬಸ್ಸಿನಲ್ಲಿ ಬ್ಯಾಗ್ ಕಳೆದುಹೋಯಿತು ಎಂದು ಪೊಲೀಸರಿಗೆ ಒಂದು ದೂರು, ನೋಟರಿ ಹತ್ತಿರ ಒಂದು ಪ್ರಮಾಣ. ಎಲ್ಲರೂ ಹಾಗೇ ಮಾಡುವುದಂತೆ.

“ಮಾಡಿ ಮೇಡಂ, ಇದರಲ್ಲಿ ಯಾರಿಗೆ ಮೋಸ?” ಎಂದು ನಾನೂ ಒತ್ತಾಯ ಮಾಡಿದೆ.

“ಆಣೆ ಇಟ್ಟು ಸುಳ್ಳು ಬರ್ಕೊಟ್ಟು, ಆಮೇಲೆ ಹೋಗಿ ಮಕ್ಕಳ ಮುಂದೆ ನಿಂತ್ಕೊಳ್ಳಲಾ? ಆಗಲ್ಲ ಸರ್. ಅಬ್ಬಾ ಕೈಯಾರೆ ಮಾಡಿದ್ದು ಮನೇಲಿ ಇಟ್ಕೊಂಡು ಕಳ್ದೋಯ್ತು ಅಂತ ಬರೀಲಾ?”

ನನಗೆ ರೇಗಿತು. ಇಂಥ ಹಠಕ್ಕೆ ಏನು ಹೇಳುವುದು? ಒಮಾನಿನ ಶಾಲೆಯಿಂದ ಬೇಗ ಕಳಿಸಿ ಎಂದು ಈಮೇಲ್ ಮೇಲೆ ಈಮೇಲ್ ಬರುತ್ತಿತ್ತು. ಇತ್ತ ಪೊಲೀಸ್ ಪ್ರಮಾಣಪತ್ರದ ಅವಧಿ ಕರಗುತ್ತಿತ್ತು. ಮೇಡಂ ಎಲ್ಲಿ ಹೆಜ್ಜೆ ಇಟ್ಟರೂ ಅಲ್ಲೊಂದು ಬಾಗಿಲು ಮುಚ್ಚುತ್ತಿತ್ತು. ಕೆಲವೊಂದು ದಿನ ಪಾಠ ಮುಗಿಸಿ ಬಂದು ಕಿಟಕಿಯ ಸರಳು ಹಿಡಿದು ಸುಮ್ಮನೆ ನಿಂತಿರುತ್ತಿದ್ದರು. ಕರೆದರೆ ಕೇಳುತ್ತಿರಲಿಲ್ಲ.

ಇಂಥ ವಿಷಯ ಎಷ್ಟು ದಿನ ಮುಚ್ಚಿಡಲಾಗುತ್ತದೆ? ಒಂದು ದಿನ ಅಪ್ಪನೇ, “ಮುದ್ರೆ ಬಿತ್ತಾ ಬೇಟಾ?” ಎಂದು ಕೇಳಿದರಂತೆ. ಮೇಡಂಗೆ ಸುಳ್ಳು ಬಾರದು, ಎಲ್ಲ ಹೊರಬಿತ್ತು. ಹಿರಿಯರು ಪತ್ರವನ್ನು ಈಸಿಕೊಂಡು ಬೆಳಕಿಗೆ ಹಿಡಿದು ನೋಡಿದರಂತೆ. ಆಮೇಲೆ, “ಹಾಕಿದೋನು ನಾನು, ತೆಗೆಯೋನೂ ನಾನೇ,” ಎಂದರಂತೆ.

ಆ ಶನಿವಾರ ಅರ್ಧ ದಿನದ ಶಾಲೆ ಮುಗಿಸಿ ಮೇಡಂ ಜೊತೆ ನಾನೂ ಮುಳಬಾಗಿಲಿಗೆ ಹೋದೆ. ಒಬ್ಬರೇ ಅದನ್ನು ನೋಡುತ್ತಾ ನಿಲ್ಲುವ ಧೈರ್ಯ ಅವರಿಗಿರಲಿಲ್ಲ. ಹಿರಿಯರು ಅಂಗಡಿಯ ಷಟರ್ ಅರ್ಧ ಎಳೆದು, ಮೇಜು ಖಾಲಿ ಮಾಡಿ, ಇಸ್ತ್ರಿಪೆಟ್ಟಿಗೆ, ತೆಳ್ಳಗಿನ ಮಲ್ ಬಟ್ಟೆ, ಬ್ಲೇಡು ಜೋಡಿಸಿಟ್ಟುಕೊಂಡಿದ್ದರು. “ಬನ್ನಿ ಸಾರ್, ಬೈಠಿಯೇ. ಚಾಯ್ ಆಮೇಲೆ,” ಎಂದರು. ಬಟ್ಟೆಯ ಮೇಲೆ ಇಸ್ತ್ರಿಪೆಟ್ಟಿಗೆ ಆಡಿಸಿ ಅಂಟು ಮೆತ್ತಗಾಗಿಸಿ, ಮೂಲೆಯಲ್ಲಿ ಬ್ಲೇಡಿನಿಂದ ಬಿಡಿಸಿ, ಇಷ್ಟಿಷ್ಟೇ ಎಳೆಯುವುದು ಅವರ ಉಪಾಯ. ಮೊದಲು ಯಾರೋ ತೆಗೆದುಕೊಂಡು ಹೋಗದೆ ಬಿಟ್ಟಿದ್ದ ಫೋಟೊ ಒಂದರ ಮೇಲೆ ನೋಡಿದರು, ಸಲೀಸಾಗಿ ಬಂತು. ನಾನು ಧೈರ್ಯ ಕೊಡಲೆಂದು ನನ್ನದೊಂದು ಹಳೆಯ ಪ್ರಬಂಧ ಸ್ಪರ್ಧೆಯ ಪ್ರಶಸ್ತಿ ಪತ್ರ ತಂದಿದ್ದೆ. ಅದನ್ನೂ ಬಿಡಿಸಿದರು. ಒಂದು ಅಕ್ಷರ ಅಳಿಸದೆ, ಹಸಿ ಅವರೆಕಾಳಿನ ಸಿಪ್ಪೆ ಕಳಚಿದ ಹಾಗೆ ಬಂತು. ಎಪ್ಪತ್ತು ದಾಟಿದ ಆ ಕೈಗಳ ಕೆಲಸ ನೋಡಿ ನಾನು ಬೆರಗಾದೆ.

“ಈಗ ಯಾರೂ ಮಾತಾಡ್ಬೇಡಿ,” ಎಂದರು. “ಕೆಲಸದಲ್ಲಿ ನಾನು ಮಾತಾಡಲ್ಲ ಸಾರ್. ಮಾತಾಡಿದ್ರೆ ಕೈ ಕೆಡ್ತದೆ.”

ಪದವಿ ಪತ್ರ ಮೇಜಿನ ಮೇಲೆ ಬಂತು. ಬೆನ್ನಿನ ಕಡೆಯ ಪ್ಲಾಸ್ಟಿಕ್ ಪೂರಾ ಬಿಡಿಸಿದರು, ಒಂದು ಕಲೆಯಿಲ್ಲ. ಮೇಡಂ ಉಸಿರು ಬಿಟ್ಟರು. ಮುದ್ರೆ ಬೀಳುವ ಜಾಗ ಬಿಳಿಯಾಗಿ, ಶುಭ್ರವಾಗಿ ನಮ್ಮ ಮುಂದಿತ್ತು. ಕೌಂಟರಿನವರು ಎರಡೂ ಕಡೆ ತೆಗೆಯಲೇಬೇಕೆಂದು ಹೇಳಿದ್ದರಿಂದ ಹಾಳೆಯನ್ನು ತಿರುಗಿಸಿ ಮುಂಭಾಗಕ್ಕೆ ಕೈ ಹಾಕಿದರು. ಮೇಲಿನ ಲಾಂಛನ ದಾಟಿತು. ಹೆಸರಿನ ಸಾಲಿಗೆ ಬಂತು. ಆಗ ಅವರು ತಲೆ ಎತ್ತದೆ ಕೇಳಿದರು:

“ಎಷ್ಟು ವರ್ಷಕ್ಕೆ ಬೇಟಾ?”

“ಮೊದ್ಲು ಎರಡು ವರ್ಷ ಅಬ್ಬಾ. ಇಷ್ಟ ಇದ್ರೆ ಆಮೇಲೂ ಇರ್ಬಹುದಂತೆ,” ಎಂದರು ಮೇಡಂ.

ಪರ್ ಎಂದು ಸದ್ದಾಯಿತು. ನೋಡುವಷ್ಟರಲ್ಲಿ ಕಾಗದದ ಮೇಲ್ಪದರ ಪ್ಲಾಸ್ಟಿಕ್ಕಿನ ಜೊತೆಗೇ ಎದ್ದು ಬಂದಿತ್ತು. ಮೇಡಂ ಹೆಸರು, ನೋಂದಣಿ ಸಂಖ್ಯೆ, ದರ್ಜೆ ಎಲ್ಲ ಹಿರಿಯರ ಕೈಯಲ್ಲಿದ್ದ ಪ್ಲಾಸ್ಟಿಕ್ಕಿಗೆ ಅಂಟಿಕೊಂಡಿತ್ತು. ಮೇಜಿನ ಮೇಲೆ ಉಳಿದ ಹಾಳೆಯಲ್ಲಿ ಆ ಜಾಗ ಹತ್ತಿಯ ಹಾಗೆ ಕಿತ್ತುಹೋಗಿತ್ತು. ಹಿರಿಯರು ಅದನ್ನು ಹಿಡಿದುಕೊಂಡು ಹಾಗೇ ನಿಂತರು. ಇಸ್ತ್ರಿಪೆಟ್ಟಿಗೆಯ ಸ್ವಿಚ್ಚು ಆರಿಸಬೇಕೆಂಬುದೂ ಯಾರಿಗೂ ತೋಚಲಿಲ್ಲ. ಬಟ್ಟೆ ಸೀಯುವ ವಾಸನೆ ಬಂದ ಮೇಲೆ ನಾನೇ ಹೋಗಿ ಆರಿಸಿದೆ.

ಮೊದಲು ಮಾತಾಡಿದವರು ಮೇಡಂ. ಅಪ್ಪನ ಕೈಯಿಂದ ಪ್ಲಾಸ್ಟಿಕ್ ಹಾಳೆಯನ್ನು ಮೆಲ್ಲಗೆ ತೆಗೆದುಕೊಂಡು, “ಒಳ್ಳೇದೇ ಆಯ್ತು ಅಬ್ಬಾ. ಇನ್ನು ಸುಳ್ಳು ಹೇಳೋ ಹಂಗಿಲ್ಲ. ಹಾಳಾಗಿದೆ ಅಂತ ನಿಜವಾಗ್ಲೇ ಬರ್ಕೊಡ್ಬಹುದು. ಎರಡನೇ ಪ್ರತಿ ಕೊಟ್ಟೇ ಕೊಡ್ತಾರೆ,” ಎಂದರು. ಹೇಳಿ ನಕ್ಕರು ಕೂಡ. ಹಿರಿಯರು ನಗಲಿಲ್ಲ. ಚಹಾ ತರಿಸುತ್ತೇನೆಂದವರು ಅದನ್ನೂ ಮರೆತು, ಷಟರ್ ಮೇಲೆತ್ತಿ, ಬೀದಿಯ ಕಡೆ ಮುಖ ಮಾಡಿ ಕೂತರು.

ಮುಂದಿನದನ್ನು ನಾನು ತಿಳಿದಿದ್ದು ಇಷ್ಟು. ಎರಡನೇ ಪ್ರತಿಗೆ ಅರ್ಜಿ ಹಾಕಿದರು, ತಿಂಗಳುಗಟ್ಟಲೆ ಕಾದರು. ಒಂದು ದಿನ ಸ್ಟಾಫ್ ರೂಮಿನಲ್ಲಿ, “ಆಗ್ಲಿಲ್ಲ ಸರ್. ಮುಗೀತು,” ಎಂದರು. ಗಣಿತದ ಮೇಷ್ಟ್ರು ಏನೋ ಕೇಳಹೊರಟವರು ನನ್ನ ಮುಖ ನೋಡಿ ನಿಲ್ಲಿಸಿದರು. ಆಮೇಲೆ ಯಾವ ದೇಶದ ಸುದ್ದಿಯೂ ನಮ್ಮ ಊಟದ ಹೊತ್ತಿಗೆ ಬರಲಿಲ್ಲ. ಆ ವಿಶ್ವವಿದ್ಯಾಲಯದವರನ್ನು, ಆ ಗುಮಾಸ್ತರನ್ನು ನಾನು ಇಷ್ಟು ವರ್ಷ ಬೈಯುತ್ತಲೇ ಬಂದೆ. ಒಂದು ಹಾಳೆ ಅಚ್ಚು ಹಾಕಿ ಕೊಡಲು ಅಷ್ಟು ಕಾಲ ಬೇಕೇ ಎಂದು ಸಿಕ್ಕಸಿಕ್ಕವರ ಮುಂದೆ ಕೂಗಾಡಿದೆ. ಅಪ್ಪ ಮೂರು ವರ್ಷ ಹಾಸಿಗೆ ಹಿಡಿದು ತೀರಿಕೊಂಡಾಗ ಮೇಡಂಗೆ ಐವತ್ತರ ಹತ್ತಿರ. ಅಂಗಡಿ ಕೈ ಬದಲಾಯಿತು, ಈಗ ಅಲ್ಲಿ ಮೊಬೈಲ್ ಕವರು ಮಾರುತ್ತಾರೆ.

ಮೇಡ‌ಂ ಮಾತ್ರ ಅದೇ ಬಸ್ಸು, ಅದೇ ಬಿರುಸು ನಡಿಗೆ. ಪಾಠದಲ್ಲಿ ಒಂದು ದಿನ ಉದಾಸೀನ ಮಾಡಿದ್ದು ನಾನು ಕಾಣೆ. ಬೇರೆ ಏನೂ ಬದಲಾಗಲಿಲ್ಲ ಎನ್ನಲಾರೆ, ತರಗತಿಯಲ್ಲಿ ಕೊನೆಕೊನೆಗೆ ಇಂಗ್ಲಿಷಿನಲ್ಲೇ ಬೈಯಲು ಶುರು ಮಾಡಿದ್ದರು.

ಬೀಳ್ಕೊಡುಗೆಯ ಫೋಟೊಗಳು ಬಂದ ಮೇಲೆ ಕೊಟ್ಟುಬರೋಣವೆಂದು ಹೋದ ತಿಂಗಳು ಮುಳಬಾಗಿಲಿಗೆ ಹೋಗಿದ್ದೆ. ಮೇಡಂ ಫೋಟೊಗಳನ್ನು ಒಂದೊಂದಾಗಿ ನೋಡಿದರು. ಕಾರ್ಯದರ್ಶಿಗಳು ಮೈಕು ಹಿಡಿದ ಫೋಟೊ ಬಂದಾಗ ನನಗೆ ತಡೆಯಲಾಗಲಿಲ್ಲ. “ಎಷ್ಟು ಸಲೀಸಾಗಿ ಹೇಳಿಬಿಟ್ಟ ನೋಡಿ ಮೇಡಂ ಆ ಮನುಷ್ಯ! ಆ ಎರಡನೇ ಪ್ರತಿ ಒಂದು ತಿಂಗಳು ಮುಂಚೆ ಬಂದಿದ್ರೆ ನಿಮ್ಮ ಬದುಕೇ ಬೇರೆ ಆಗ್ತಿತ್ತು,” ಎಂದೆ.

“ಟೈಮಿಗೇ ಬಂತು ಸರ್,” ಎಂದರು ಮೇಡಂ.

ನನಗೆ ಅರ್ಥವಾಗಲಿಲ್ಲ. ಅವರು ಫೋಟೊಗಳನ್ನು ಪಕ್ಕಕ್ಕಿಟ್ಟರು. “ಪ್ರತಿ ಬಂತು. ಆ ಶಾಲೆಯವರು, ಕೆಲಸ ಇನ್ನೂ ಖಾಲಿ ಇದೆ, ಕಾಯ್ತೀವಿ ಅಂತ ಬರೆದಿದ್ರು. ಹೊಸದಾಗಿ ಮಾಡಿಸಿದ್ದ ಪೊಲೀಸ್ ಪತ್ರ, ಇಂಗ್ಲಿಷ್ ಪರೀಕ್ಷೆ, ಎಲ್ಲಾ ಚಾಲ್ತಿಯಲ್ಲಿತ್ತು. ಎಲ್ಲಾ ಒಟ್ಟಿಗೆ ಸರಿ ಇದ್ದಿದ್ದು ಅದೊಂದೇ ಸಲ. ನಾನೇ ಉತ್ತರ ಬರೀಲಿಲ್ಲ.”

“ಯಾಕೆ ಮೇಡಂ?”

“ಅಬ್ಬಾ ಕೆಲಸದಲ್ಲಿ ಮಾತಾಡೋರಲ್ಲ ಸರ್. ಹುಟ್ಟಿದಾಗಿಂದ ನೋಡಿದೀನಿ, ಮೆಷಿನ್ ಮುಂದೆ ನಿಂತ್ರೆ ಕರೆದ್ರೂ ಓಗೊಡ್ತಿರ್ಲಿಲ್ಲ. ಅವತ್ತು ಎಷ್ಟು ವರ್ಷಕ್ಕೆ ಅಂತ ಕೇಳಿದ್ರಲ್ಲ. ನಾನು ಉತ್ತರ ಕೊಟ್ಟೆ, ಹರಿದೋಯ್ತು. ಯಾರದೋ ಫೋಟೊ ಚೆನ್ನಾಗಿ ಬಂತು, ನಿಮ್ಮ ಪತ್ರ ಚೆನ್ನಾಗಿ ಬಂತು, ನನ್ನ ಪತ್ರದ ಬೆನ್ನು ಕೂಡ ಚೆನ್ನಾಗಿ ಬಂತು. ನನ್ನ ಹೆಸರಿನ ಹತ್ರನೇ ಯಾಕೆ ಹರೀತು? ಕೈ ತಪ್ಪಿತೋ, ತಪ್ಪಿಸಿದ್ರೋ? ಹೋಗ್ಬೇಡ ಅಂತ ಬಾಯಿಬಿಟ್ಟು ಹೇಳೋ ಮನುಷ್ಯ ಅಲ್ಲ ಅವ್ರು. ಅವ್ರು ಇರೋವರ್ಗೂ ಕೇಳೋಣ ಕೇಳೋಣ ಅಂತಿದ್ದೆ. ಬೇಕಂತ ಮಾಡ್ದೆ ಅಂದ್ರೆ ನಾನೇನು ಮಾಡ್ಲಿ? ಇಲ್ಲ ಅಂದ್ರೆ, ಇಂಥ ಮಾತು ಕೇಳಿದೋಳು ಅವ್ರ ಮುಖ ಹೆಂಗೆ ನೋಡ್ಲಿ? ಕೇಳೋಕೂ ಆಗ್ಲಿಲ್ಲ, ಬಿಟ್ಟು ಹೋಗೋಕೂ ಆಗ್ಲಿಲ್ಲ.”

ನಾನು ಇಷ್ಟು ವರ್ಷ ಬೈದುಕೊಂಡು ಬಂದವರೆಲ್ಲ ಒಮ್ಮೆಗೇ ನಿರಪರಾಧಿಗಳಾಗಿಬಿಟ್ಟರು. ಬೈಯಲು ಯಾರೂ ಉಳಿಯಲಿಲ್ಲ. ಮೇಡಂ ಕುರ್ಚಿಯ ತುದಿಗೆ ಸರಿದು ಕೂತರು. ಅಷ್ಟು ದೊಡ್ಡ ತರಗತಿಗಳನ್ನು ಕಣ್ಣಲ್ಲೇ ಕೂರಿಸುತ್ತಿದ್ದ ಆ ಮುಖ ಪರೀಕ್ಷೆಯ ಫಲಿತಾಂಶ ಕೇಳಲು ಬಂದ ಹುಡುಗಿಯ ಮುಖದಂತಾಗಿತ್ತು.

“ಸರ್, ನೀವು ಅಲ್ಲೇ ಇದ್ರಿ. ನಾನು ಆಗ ಅವ್ರ ಕಡೆ ನೋಡ್ತಿರ್ಲಿಲ್ಲ, ಹಾಳೆ ನೋಡೋ ಧೈರ್ಯ ಇರ್ಲಿಲ್ಲ. ನಿಮ್ಮನ್ನ ಕೇಳ್ಬೇಕು ಅಂತ ಎಷ್ಟೋ ಸಲ ಅನ್ಕೊಂಡೆ. ನಿಜ ಹೇಳಿ, ಅಬ್ಬಾ ಕೈ ನಡುಗಿತಾ?”

“ನಡುಗಿತು ಮೇಡಂ,” ಎಂದೆ. “ಜೋರಾಗಿ ನಡುಗಿತು. ನಾನೇ ಕಣ್ಣಾರೆ ನೋಡಿದೆ.”

ಮೇಡಂ ದುಪಟ್ಟದ ಅಂಚಿನಿಂದ ಮುಖ ಒರೆಸಿಕೊಂಡರು. “ಸಾಕು ಸರ್,” ಎಂದರು. ಆಮೇಲೆ ಚಹಾ ಮಾಡಲು ಎದ್ದು ಒಳಗೆ ಹೋದರು.

ಅವತ್ತು ಅವರ ಅಪ್ಪ ಆ ಪ್ರಶ್ನೆ ಕೇಳಿದಾಗ ನಾನು ಕೈಗಳ ಕಡೆ ನೋಡುತ್ತಿರಲಿಲ್ಲ. ಏನು ಉತ್ತರ ಕೊಡುತ್ತಾರೋ ಎಂದು ಮೇಡಂ ಮುಖವನ್ನೇ ನೋಡುತ್ತಿದ್ದೆ.